ನಾಳೆಯ ಚಿಂತೆ ಮತ್ತು ಖರ್ಜೂರದ ಗರಿ: ಈಜಿಪ್ಟಿನ ಮರುಭೂಮಿ ಸಂನ್ಯಾಸಿಗಳ ಮನೋಸಾಧನೆ

ಊಟ, ಬಟ್ಟೆ, ನಾಳೆಯ ದಿನ ಇವುಗಳ ಚಿಂತೆಯನ್ನು ಬಿಡಬೇಕೆಂಬ ಯೇಸುವಿನ ಬೋಧನೆ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿದೆ. ಬೆಟ್ಟದ ಮೇಲಿನ ಪ್ರಸಂಗವೆಂದು ಹೆಸರಾದ ಉಪದೇಶದ ಭಾಗವಾದ ಈ ಮಾತುಗಳು ಆಕಾಶದ ಹಕ್ಕಿಗಳನ್ನೂ ಹೊಲದ ಹೂವುಗಳನ್ನೂ ಉದಾಹರಿಸಿ, ಅವುಗಳನ್ನು ಸಾಕುವ ದೇವರು ಮನುಷ್ಯನನ್ನು ಕೈಬಿಡನೆಂಬ ಭರವಸೆ ಕೊಡುತ್ತವೆ; ಆದರೆ ಚಿಂತೆಗೊಳಗಾದ ಮನಸ್ಸು ಅದರಿಂದ ಬಿಡಿಸಿಕೊಳ್ಳುವ ಬಗೆ ಯಾವುದು, ಬೆಳಗಿನಿಂದ ರಾತ್ರಿಯವರೆಗೆ ಅದಕ್ಕಾಗಿ ಏನು ಮಾಡಬೇಕು ಎಂಬುದನ್ನು ವಿವರಿಸುವುದಿಲ್ಲ. ಆ ಬಗೆಯನ್ನು ಹುಡುಕುವುದನ್ನೇ ಬದುಕಿನ ಉದ್ಯೋಗವಾಗಿ ಮಾಡಿಕೊಂಡವರು ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ನೆಲೆಸಿದ ಕ್ರೈಸ್ತ ಸಂನ್ಯಾಸಿಗಳು. ಪ್ರಾರ್ಥನೆ, ಕೈಕೆಲಸ, ಧರ್ಮಗ್ರಂಥದ ಚಿಕ್ಕ ವಾಕ್ಯಗಳ ಪಠನ, ಹಿರಿಯರ ಮುಂದೆ ಮನಸ್ಸಿನ ನಿವೇದನೆ ಇವುಗಳಿಂದ ಅವರು ಕಟ್ಟಿದ ದಿನಚರಿಯು ಮುಂದಿನ ಕ್ರೈಸ್ತ ಜಗತ್ತು ಚಿಂತೆಯನ್ನು ಎದುರಿಸಿದ ರೀತಿಗೆ ತಳಹದಿಯಾಯಿತು. ಆ ಸಂನ್ಯಾಸಿಗಳನ್ನು ಚಿಂತೆಯನ್ನೇ ಗೆದ್ದ ಮಹಾಪುರುಷರೆಂದು ಕೊಂಡಾಡುವ ವಾಡಿಕೆ ಹಳೆಯದು. ಅವರ ಬರಹಗಳನ್ನೂ ಮಾತುಗಳನ್ನೂ ನಿಧಾನವಾಗಿ ಓದಿದವರಿಗೆ ಮಾತ್ರ, ಚಿಂತೆ ದಿನವೂ ಬರುತ್ತದೆಂದು ಒಪ್ಪಿಕೊಂಡು ದಿನವೂ ಅದಕ್ಕೆ ಉತ್ತರ ಕೊಡುತ್ತ ಹೋದ ದುಡಿಮೆಗಾರರು ಕಾಣಿಸುತ್ತಾರೆ.

ಈ ಪರಂಪರೆಯ ಮೂಲಪುರುಷನೆಂದು ಎಣಿಸಲಾದ ಅಂತೋಣಿಯ (ಸುಮಾರು 251–356) ಜೀವನದಲ್ಲಿಯೇ ಮೇಲಿನ ಬೋಧನೆ ನಿರ್ಣಾಯಕವಾಗಿ ಬರುತ್ತದೆ. ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಬರೆದ ಜೀವನಚರಿತ್ರೆಯ ಪ್ರಕಾರ, ಹದಿನೆಂಟು ಇಪ್ಪತ್ತರ ಪ್ರಾಯದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಚಿಕ್ಕ ತಂಗಿಯ ಹೊಣೆಯನ್ನೂ 300 ಅರೂರ, ಎಂದರೆ ಸುಮಾರು 200 ಎಕರೆ ಫಲವತ್ತಾದ ಭೂಮಿಯನ್ನೂ ಪಡೆದಿದ್ದ ಅಂತೋಣಿ, ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಡಬೇಕೆಂಬ ಸುವಾರ್ತೆಯ ಮಾತನ್ನು ಚರ್ಚಿನಲ್ಲಿ ಕೇಳಿ ಭೂಮಿಯನ್ನು ಊರವರಿಗೆ ಬಿಟ್ಟುಕೊಟ್ಟನು. ಉಳಿದ ಸ್ವತ್ತನ್ನು ಮಾರಿ ಬಂದ ಹಣವನ್ನು ಬಡವರಿಗೆ ಹಂಚಿ, ತಂಗಿಗಾಗಿ ಸ್ವಲ್ಪವನ್ನು ತೆಗೆದಿರಿಸಿದನು. ಮತ್ತೊಮ್ಮೆ ಚರ್ಚಿಗೆ ಹೋದಾಗ ಅವನ ಕಿವಿಗೆ ಬಿದ್ದದ್ದು ನಾಳೆಯ ಕುರಿತು ಚಿಂತಿಸಬಾರದೆಂಬ ವಾಕ್ಯ. ಅದನ್ನು ಕೇಳಿದವನು ಆ ತೆಗೆದಿರಿಸಿದ ಪಾಲನ್ನೂ ಕೊಟ್ಟುಬಿಟ್ಟು, ತಂಗಿಯನ್ನು ನಂಬಿಕಸ್ತ ಕನ್ಯಾವ್ರತಿಗಳ ಬಳಿ ಇರಿಸಿ, ಊರಂಚಿನಲ್ಲಿ ತಪಸ್ಸಿಗೆ ಕುಳಿತನು. ಆದರೆ ಅಥನೇಸಿಯಸ್ ಕಥೆಯನ್ನು ಇಲ್ಲಿಗೆ ಮುಗಿಸುವುದಿಲ್ಲ. ಬಿಟ್ಟುಬಂದ ಆಸ್ತಿಯ ನೆನಪು, ತಂಗಿಯ ಗತಿಯೇನೆಂಬ ಕಳವಳ, ತನ್ನ ದೇಹದ ದೌರ್ಬಲ್ಯ, ಮುಂದಿರುವ ದೀರ್ಘಕಾಲ ಇವೆಲ್ಲ ಒಂದರ ಹಿಂದೊಂದು ಅವನ ಮನಸ್ಸನ್ನು ಮುತ್ತಿದವೆಂದು ಅವನು ಮುಂದುವರಿಸುತ್ತಾನೆ. ಕಾರಣವನ್ನು ತೊರೆದ ಮಾತ್ರಕ್ಕೆ ಚಿಂತೆ ತೊಲಗದೆಂಬ ಈ ಅರಿವಿನಿಂದಲೇ ಮರುಭೂಮಿಯ ಮನೋಸಾಧನೆಯ ಇತಿಹಾಸ ಆರಂಭವಾಗುತ್ತದೆ. ಆ ಎಳೆಯ ಅಂತೋಣಿಯು ಕೈಕೆಲಸ ಮಾಡಿ, ಗಳಿಕೆಯ ಒಂದು ಪಾಲಿನಿಂದ ರೊಟ್ಟಿ ಕೊಂಡು, ಉಳಿದದ್ದನ್ನು ಇಲ್ಲದವರಿಗೆ ಕೊಡುತ್ತಿದ್ದನೆಂಬ ವಿವರವೂ ಅದೇ ಪುಟಗಳಲ್ಲಿದೆ.

ಸುಮಾರು 330ರ ವೇಳೆಗೆ ಅಲೆಕ್ಸಾಂಡ್ರಿಯದ ದಕ್ಷಿಣಕ್ಕೆ, ನೈಲ್ ನದಿಯ ಮುಖಜಭೂಮಿಯ ಅಂಚಿನಲ್ಲಿ, ಅಮೂನನೆಂಬ ಸಂನ್ಯಾಸಿಯ ಸುತ್ತ ನಿಟ್ರಿಯಾ ಎಂಬ ನೆಲೆ ಬೆಳೆಯಿತು. ಹೆಚ್ಚಿನ ಏಕಾಂತ ಬಯಸಿದವರಿಗಾಗಿ ಅಲ್ಲಿಂದ ಸುಮಾರು 18 ಕಿಲೋಮೀಟರ್ ಒಳಗೆ ಕೆಲ್ಲಿಯಾ, ಎಂದರೆ ಕುಟೀರಗಳ ನೆಲೆ, 338ರ ಸುಮಾರಿಗೆ ಸ್ಥಾಪನೆಯಾಯಿತು. ಇನ್ನೂ ದೂರದ ಸ್ಕೇಟಿಸ್‌ನಲ್ಲಿ, ಎಂದರೆ ಇಂದಿನ ವಾದಿ ನಟ್ರೂನ್ ಕಣಿವೆಯಲ್ಲಿ, ಮಕಾರಿಯಸನೆಂಬ ಸಂನ್ಯಾಸಿಯ ಶಿಷ್ಯವರ್ಗ ನೆಲೆಯೂರಿತು. ಸುಮಾರು 420ರಲ್ಲಿ ತನ್ನ ಹಳೆಯ ಅನುಭವಗಳನ್ನು ಬರೆದಿಟ್ಟ ಪಲ್ಲಾಡಿಯಸ್, ನಿಟ್ರಿಯಾದಲ್ಲಿ 5,000 ಜನರಿದ್ದರೆಂದೂ, ಅವರಿಗೂ ಕೆಲ್ಲಿಯಾದ 600 ಜನರಿಗೂ ರೊಟ್ಟಿ ಸುಡಲು ಏಳು ಒಲೆಮನೆಗಳಿದ್ದವೆಂದೂ, ಯಾರಿಗೂ ಕೊರತೆಯಾಗದಂತೆ ಎಲ್ಲರೂ ನಾರುಬಟ್ಟೆ ನೇಯುತ್ತಿದ್ದರೆಂದೂ ಹೇಳುತ್ತಾನೆ. ಅತಿಥಿಯಾಗಿ ಬಂದವನಿಗೆ ಒಂದು ವಾರ ವಿಶ್ರಾಂತಿ, ಆಮೇಲೆ ತೋಟದಲ್ಲೋ ಅಡುಗೆಮನೆಯಲ್ಲೋ ಒಲೆಮನೆಯಲ್ಲೋ ಕೆಲಸ. ಇತರ ನೆಲೆಗಳಲ್ಲಿ ಖರ್ಜೂರದ ಗರಿಯನ್ನು ನೀರಿನಲ್ಲಿ ನೆನೆಹಾಕಿ ಹಗ್ಗ, ಬುಟ್ಟಿ, ಚಾಪೆ ಹೆಣೆದು ಮಾರುವುದು ಮುಖ್ಯ ಉದ್ಯೋಗವಾಗಿತ್ತು. ಸುಗ್ಗಿಯ ಕಾಲದಲ್ಲಿ ಸಂನ್ಯಾಸಿಗಳು ಕೊಯ್ಲಿನ ಕೂಲಿಗೂ ಹೋಗುತ್ತಿದ್ದರು. ಆರ್ಸಿನೋಯೆ ಪ್ರಾಂತ್ಯದಲ್ಲಿ ಒಬ್ಬೊಬ್ಬರು ಸುಮಾರು 12 ಅರ್ಟಬ (ಅಂದಿನ ಈಜಿಪ್ಟಿನ ಧಾನ್ಯದ ಅಳತೆ) ಗೋಧಿಯನ್ನು ಗಳಿಸಿ ಹೆಚ್ಚಿನದನ್ನು ಬಡವರಿಗಾಗಿ ಕೊಡುತ್ತಿದ್ದರೆಂದು ಅಂದಿನ ಪ್ರವಾಸಕಥನವೊಂದು ದಾಖಲಿಸಿದೆ. ಮರುಭೂಮಿಯ ಬದುಕು ಹೀಗೆ ಸಂತೆಗೂ ಸುಗ್ಗಿಗೂ ಬೆಲೆಯ ಏರಿಳಿತಕ್ಕೂ ಸಿಕ್ಕಿಕೊಂಡ ಬದುಕಾಗಿತ್ತು, ಆದ್ದರಿಂದ ನಾಳೆಯ ರೊಟ್ಟಿಯ ಚಿಂತೆ ಅಲ್ಲಿ ನಿಜವಾದ ಚಿಂತೆಯೇ ಆಗಿತ್ತು.

ದೇವರಲ್ಲಿ ನಂಬಿಕೆಯಿದ್ದವನು ದುಡಿಯಬೇಕೆ ಎಂಬ ವಿವಾದವು ಇಂಥ ಪರಿಸರದಲ್ಲಿ ಏಳುವುದು ಸಹಜವೇ. ಕುಳ್ಳ ಯೋಹಾನನೆಂದು ಹೆಸರಾದ ಸಂನ್ಯಾಸಿಯು ತರುಣನಾಗಿದ್ದಾಗ, ದೇವದೂತರಂತೆ ಯಾವ ಚಿಂತೆಯೂ ಇಲ್ಲದೆ ಕೇವಲ ದೇವರ ಆರಾಧನೆಯಲ್ಲಿರುವೆನೆಂದು ಅಣ್ಣನಿಗೆ ಹೇಳಿ ಮರುಭೂಮಿಯ ಒಳಕ್ಕೆ ಹೋಗಿ, ಒಂದು ವಾರದಲ್ಲೇ ಮರಳಿ ಬಂದು ಬಾಗಿಲು ತಟ್ಟಿದನು. ಯೋಹಾನನು ದೇವದೂತನಾಗಿದ್ದಾನೆ, ಇನ್ನು ಮನುಷ್ಯರ ನಡುವೆ ಇಲ್ಲ ಎಂದು ಅಣ್ಣನು ಒಳಗಿನಿಂದ ಉತ್ತರಿಸಿ ಬೆಳಗಾಗುವವರೆಗೆ ಹೊರಗೆ ನಿಲ್ಲಿಸಿ, ಮನುಷ್ಯನಾದವನು ಉಣ್ಣಲು ದುಡಿಯಲೇಬೇಕೆಂದು ತಿಳಿಹೇಳಿದನು. ಇಂಥ ಪ್ರಸಂಗಗಳು ಐದನೆಯ ಮತ್ತು ಆರನೆಯ ಶತಮಾನಗಳಲ್ಲಿ ಸಂಗ್ರಹವಾದ ಹಿರಿಯರ ವಚನಗಳಲ್ಲಿ ಉಳಿದುಬಂದಿರುವುದರಿಂದ ಅವುಗಳ ಪ್ರತಿ ವಿವರವನ್ನೂ ಘಟನೆಯೆಂದು ಗ್ರಹಿಸಬೇಕಿಲ್ಲ. ಆ ಸಮುದಾಯವು ಯಾವುದನ್ನು ಸರಿಯೆಂದು ನಂಬಿತ್ತೆಂಬುದಕ್ಕೆ ಮಾತ್ರ ಅವು ಗಟ್ಟಿಯಾದ ಸಾಕ್ಷಿ. ಅದೇ ಸಂಗ್ರಹದಲ್ಲಿ, ಅಲೆಕ್ಸಾಂಡ್ರಿಯದಿಂದ ಒಂಬತ್ತನೆಯ ಮೈಲುಗಲ್ಲಿನ ಬಳಿಯಿದ್ದ ಎನಾಟೋನಿನ ಲೂಸಿಯಸನ ಮುಂದೆ, ನಿರಂತರ ಪ್ರಾರ್ಥನೆಯೇ ಸಾಕು, ಕೈಕೆಲಸ ಬೇಡವೆಂದು ವಾದಿಸುವ ಪಂಥದವರು ಬಂದು ನಿಲ್ಲುತ್ತಾರೆ. ಉಣ್ಣುವಾಗ, ಮಲಗುವಾಗ ನಿಮ್ಮ ಪರವಾಗಿ ಯಾರು ಪ್ರಾರ್ಥಿಸುತ್ತಾರೆ ಎಂದು ಅವನು ಕೇಳಿದಾಗ ಅವರಲ್ಲಿ ಉತ್ತರವಿರುವುದಿಲ್ಲ. ತಾನಾದರೋ ನೆನೆದ ಗರಿಗಳ ಮುಂದೆ ಕುಳಿತು, ಕರುಣೆ ಬೇಡುವ ಕೀರ್ತನೆಯೊಂದರ ಸಾಲನ್ನು ಉಚ್ಚರಿಸುತ್ತ ಹಗ್ಗ ಹೊಸೆಯುತ್ತೇನೆ, ದಿನಕ್ಕೆ ಹೆಚ್ಚುಕಡಿಮೆ 16 ನಾಣ್ಯ ಬರುತ್ತದೆ, ಎರಡನ್ನು ಬಾಗಿಲ ಹೊರಗಿಟ್ಟು ಉಳಿದದ್ದರಿಂದ ಊಟ ಮಾಡುತ್ತೇನೆ, ಆ ಎರಡು ನಾಣ್ಯವನ್ನು ತೆಗೆದುಕೊಂಡವನು ನಾನು ಉಣ್ಣುವಾಗ ಮಲಗಿರುವಾಗ ನನಗಾಗಿ ಪ್ರಾರ್ಥಿಸುತ್ತಾನೆ ಎಂಬುದು ಲೂಸಿಯಸನ ವಿವರಣೆ.

ಈ ವಾದ ಈಜಿಪ್ಟಿಗೆ ಸೀಮಿತವಾಗಿರಲಿಲ್ಲ. ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಕೆಲವು ಸಂನ್ಯಾಸಿಗಳು ಮತ್ತಾಯನ ಆರನೆಯ ಅಧ್ಯಾಯದ ಹಕ್ಕಿಗಳನ್ನೇ ಮುಂದಿಟ್ಟು ಕೆಲಸವನ್ನು ನಿರಾಕರಿಸಿದಾಗ, ಅಲ್ಲಿನ ಬಿಷಪ್ ಔರೇಲಿಯಸನ ಕೋರಿಕೆಯಂತೆ ಅಗಸ್ಟೀನನು ಸುಮಾರು 400ರಲ್ಲಿ ಸಂನ್ಯಾಸಿಗಳ ದುಡಿಮೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದು, ಹಕ್ಕಿಗಳು ಧಾನ್ಯವನ್ನು ಬೀಸಿ ಬೇಯಿಸಿ ಕೂಡಿಡುವುದಿಲ್ಲವಲ್ಲ ಎಂದು ಅವರ ವಾದದಲ್ಲಿನ ಬಿರುಕನ್ನು ತೋರಿಸಿದನು. ಚಿಂತೆ ಬಿಡುವುದೆಂದರೆ ದುಡಿಮೆ ಬಿಡುವುದಲ್ಲವೆಂಬ ತೀರ್ಮಾನಕ್ಕೆ ಮರುಭೂಮಿಯೂ ನಗರದ ಧರ್ಮಶಾಸ್ತ್ರವೂ ಹೀಗೆ ಬೇರೆ ಬೇರೆ ದಾರಿಯಿಂದ ಬಂದು ಮುಟ್ಟಿದವು.

ಮನಸ್ಸಿನೊಳಗೆ ಚಿಂತೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬರಹಕ್ಕೆ ತಂದವನು ಪೋಂಟಸಿನ ಇವಾಗ್ರಿಯಸ್. ಸುಮಾರು 345ರಲ್ಲಿ ಇಂದಿನ ಟರ್ಕಿಯ ಉತ್ತರ ಭಾಗದ ಇಬೋರದಲ್ಲಿ ಹುಟ್ಟಿ, ನಜಿಯಾನ್ಜಸಿನ ಗ್ರೆಗರಿಯಿಂದ ಧರ್ಮಸೇವಕನ ದೀಕ್ಷೆ ಪಡೆದು, ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ವಾದಪಟುವೆಂದು ಹೆಸರು ಗಳಿಸಿದ ಈತನು, ವಿವಾಹಿತೆಯೊಬ್ಬಳ ಮೇಲಿನ ಮೋಹದಿಂದ ಕಂಗೆಟ್ಟು ಜೆರೂಸಲೇಮಿಗೆ ಓಡಿಹೋಗಿ, ಅಲ್ಲಿ ದೀರ್ಘ ಕಾಯಿಲೆಗೆ ಬಿದ್ದನು. ಮಠಾಧಿಕಾರಿಣಿ ಹಿರಿಯ ಮೆಲಾನಿಯಾಳ ಮುಂದೆ ಎಲ್ಲವನ್ನೂ ಹೇಳಿಕೊಂಡ ಮೇಲೆ ಗುಣಮುಖನಾಗಿ, ಸುಮಾರು 383ರಲ್ಲಿ ಈಜಿಪ್ಟಿಗೆ ಬಂದನು. ಎರಡು ವರ್ಷ ನಿಟ್ರಿಯಾದಲ್ಲಿ, ಆಮೇಲೆ 399ರಲ್ಲಿ ಸಾಯುವವರೆಗೆ ಕೆಲ್ಲಿಯಾದಲ್ಲಿ ಬಾಳಿದ ಅವನ ಜೀವನೋಪಾಯ ಗ್ರಂಥಗಳನ್ನು ಅಂದವಾಗಿ ನಕಲು ಮಾಡುವುದಾಗಿತ್ತು.

ಮನಸ್ಸನ್ನು ಕಾಡುವ ಯೋಚನೆಗಳನ್ನು ಅವನು ಎಂಟು ಬಗೆಯಾಗಿ ವಿಂಗಡಿಸಿದನು: ಹೊಟ್ಟೆಬಾಕತನ, ಕಾಮ, ಧನದಾಸೆ, ದುಃಖ, ಕೋಪ, ಅಕೇಡಿಯಾ, ಹೆಗ್ಗಳಿಕೆ, ಗರ್ವ. ಅಕೇಡಿಯಾ ಎಂದರೆ ಕುಳಿತ ಜಾಗದಲ್ಲಿ ಮನಸ್ಸು ನಿಲ್ಲದೆ, ಹಿಡಿದ ಕೆಲಸದಲ್ಲಿ ರುಚಿಯಿಲ್ಲದೆ, ಒಳಗೊಳಗೇ ತಳಮಳಿಸುವ ಬೇಸರ. ಈ ಪಟ್ಟಿ ಮೇಲ್ನೋಟಕ್ಕೆ ಪಾಪಗಳ ಪಟ್ಟಿಯಂತೆ ಕಂಡರೂ ಇವಾಗ್ರಿಯಸನ ವಿವರಣೆಗಳನ್ನು ಓದಿದವರಿಗೆ ಅದರ ತುಂಬ ಚಿಂತೆಯೇ ಕಾಣುತ್ತದೆ. ಹೊಟ್ಟೆಬಾಕತನದ ಯೋಚನೆಯು ರುಚಿಯಾದ ತಿಂಡಿಯ ಆಸೆಯಾಗಿ ಬರುವುದಿಲ್ಲ. ಉಪವಾಸದಿಂದ ಹೊಟ್ಟೆ, ಯಕೃತ್ತು, ಗುಲ್ಮ ಕೆಡುವುದೆಂದೂ, ಜಲೋದರ ಬರುವುದೆಂದೂ, ದೀರ್ಘ ಕಾಯಿಲೆಯಲ್ಲಿ ವೈದ್ಯರು ಸಿಗಲಾರರೆಂದೂ ಹೆದರಿಸುತ್ತ ಬರುತ್ತದೆ. ಧನದಾಸೆಯು ಚಿನ್ನದ ರಾಶಿಯನ್ನು ತೋರಿಸದೆ, ದೀರ್ಘವಾದ ಮುಪ್ಪನ್ನೂ ದುಡಿಯಲಾರದ ಕೈಗಳನ್ನೂ ಬರಲಿರುವ ಬರಗಾಲವನ್ನೂ ಮತ್ತೊಬ್ಬರ ಮುಂದೆ ಕೈಯೊಡ್ಡುವ ನಾಚಿಕೆಯನ್ನೂ ತೋರಿಸುತ್ತದೆ. ಹದಿನಾರು ಶತಮಾನಗಳ ಹಿಂದಿನ ಈ ಸಾಲುಗಳಲ್ಲಿ ವಿವರಿಸಿರುವ ಭಯಗಳು ಇಂದಿನ ಯಾವ ಮನೆಗೂ ಅಪರಿಚಿತವಲ್ಲ.

ಅಕೇಡಿಯಾದ ವರ್ಣನೆ ಇವಾಗ್ರಿಯಸನ ಬರಹದಲ್ಲೇ ಅತ್ಯಂತ ಸೂಕ್ಷ್ಮವಾದದ್ದು. ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಆರಂಭವಾಗಿ ಮಧ್ಯಾಹ್ನ ಎರಡರವರೆಗೆ ಮುತ್ತುವ ಈ ಯೋಚನೆಯು ಸೂರ್ಯ ಚಲಿಸುತ್ತಲೇ ಇಲ್ಲವೆಂಬಂತೆ, ದಿನಕ್ಕೆ ಐವತ್ತು ಗಂಟೆಗಳಿವೆಯೆಂಬಂತೆ ತೋರಿಸುತ್ತದೆ. ಸಂನ್ಯಾಸಿಯು ಕಿಟಕಿಯತ್ತ ನೋಡುವಂತೆ, ಊಟದ ಹೊತ್ತಾದ ಮೂರು ಗಂಟೆಗೆ ಇನ್ನೆಷ್ಟು ಉಳಿದಿದೆಯೆಂದು ಹೊರಗೆ ಬಂದು ಬಿಸಿಲನ್ನು ಅಳೆಯುವಂತೆ, ಯಾರಾದರೂ ಬರುತ್ತಿರುವರೇ ಎಂದು ಅತ್ತಿತ್ತ ಕಣ್ಣು ಹಾಯಿಸುವಂತೆ ಮಾಡುತ್ತದೆ. ಆಮೇಲೆ ಆ ಜಾಗದ ಮೇಲೆ, ಕೈಕೆಲಸದ ಮೇಲೆ ಜಿಗುಪ್ಸೆ ಹುಟ್ಟಿಸಿ, ಜೊತೆಯವರಲ್ಲಿ ಪ್ರೀತಿ ಉಳಿದಿಲ್ಲ, ಸಮಾಧಾನ ಹೇಳುವವರು ಯಾರೂ ಇಲ್ಲವೆಂದು ನಂಬಿಸಿ, ಸುಲಭವಾದ ಕಸುಬು ಸಿಗುವ ಬೇರೊಂದು ಊರನ್ನು ನೆನಪಿಗೆ ತಂದು, ಉಳಿದ ಆಯುಷ್ಯವು ಎಷ್ಟು ಉದ್ದವೆಂದು ಕಣ್ಣೆದುರಿಗೆ ಹಾಸಿ ತೋರಿಸುತ್ತದೆ.

ಇದಕ್ಕೆ ಮದ್ದಾಗಿ ಇವಾಗ್ರಿಯಸ್ ಸೂಚಿಸಿದ ಕ್ರಮಗಳಲ್ಲಿ ಮೊದಲನೆಯದು ಗಮನಿಸುವುದು. ಯಾವ ಯೋಚನೆ ಯಾವಾಗ ಬರುತ್ತದೆ, ಯಾವುದರ ಹಿಂದೆ ಯಾವುದು ಬರುತ್ತದೆ, ಯಾವುದು ತೀವ್ರ, ಯಾವುದು ಬೇಗ ಇಳಿಯುತ್ತದೆ ಎಂಬುದನ್ನು ಗುರುತಿಸಿಕೊಂಡು, ಅದರ ಅರ್ಥವನ್ನು ಕ್ರಿಸ್ತನಲ್ಲಿ ಕೇಳಬೇಕೆಂದು ಅವನು ಹೇಳುತ್ತಾನೆ. ಅಕೇಡಿಯಾ ಮುತ್ತಿದಾಗ ಆತ್ಮವನ್ನು ಎರಡಾಗಿ ವಿಭಜಿಸಿಕೊಂಡು, ಒಂದು ಭಾಗವು ಸಂತೈಸುವವನಾಗಿಯೂ ಇನ್ನೊಂದು ಸಂತೈಸಿಕೊಳ್ಳುವವನಾಗಿಯೂ ನಿಂತು, ಕೀರ್ತನೆಗಳಲ್ಲಿ ದಾವೀದನು ತನ್ನ ಕುಗ್ಗಿದ ಆತ್ಮವನ್ನೇ ಪ್ರಶ್ನಿಸಿದಂತೆ, ತನಗೆ ತಾನೇ ಒಳ್ಳೆಯ ನಿರೀಕ್ಷೆಯನ್ನು ಬಿತ್ತಿಕೊಳ್ಳಬೇಕೆಂಬುದು ಎರಡನೆಯ ಕ್ರಮ. ತನ್ನ ಗುರುವಿನಿಂದ ಕೇಳಿದ ಮತ್ತೊಂದು ಉಪದೇಶವನ್ನೂ ಅವನು ದಾಖಲಿಸಿದ್ದಾನೆ: ಸಂನ್ಯಾಸಿಯು ನಾಳೆಯೇ ಸಾಯುವವನಂತೆ ಮನಸ್ಸಿನಲ್ಲಿ ಸಿದ್ಧನಿರಬೇಕು, ಆದರೆ ಇನ್ನೂ ಅನೇಕ ವರ್ಷ ಬದುಕುವವನಂತೆ ದೇಹವನ್ನು ನೋಡಿಕೊಳ್ಳಬೇಕು. ಈ ಉಪದೇಶದ ಎರಡನೆಯ ಅರ್ಧವನ್ನು ನಂತರದ ಅನೇಕ ಬೋಧಕರು ಮರೆತರು; ಮರುಭೂಮಿಯ ತಪಸ್ಸನ್ನು ಬರೀ ದೇಹದಂಡನೆಯೆಂದು ತಿಳಿಯುವ ತಪ್ಪಿಗೆ ಆ ಮರೆವೂ ಒಂದು ಕಾರಣ.

ಮೂರನೆಯ ಕ್ರಮಕ್ಕಾಗಿ ಅವನು ಪ್ರತ್ಯೇಕ ಪುಸ್ತಕವನ್ನೇ ರಚಿಸಿದನು. ಆಂಟಿರ್‍ಹೆಟಿಕೋಸ್ ಎಂಬ ಹೆಸರಿನ ಈ ಕೈಪಿಡಿಯನ್ನು ಲೂಕಿಯೋಸನೆಂಬ ಸಂನ್ಯಾಸಿಯ ಕೋರಿಕೆಯ ಮೇರೆಗೆ ಬರೆದು, ಎಂಟು ಯೋಚನೆಗಳಿಗೆ ಎಂಟು ಭಾಗಗಳಂತೆ, ಸುಮಾರು 500 ನಮೂದುಗಳಲ್ಲಿ, ಒಂದೊಂದು ನಿರ್ದಿಷ್ಟ ಯೋಚನೆಗೂ ಎದುರಾಗಿ ಹೇಳಬೇಕಾದ ಧರ್ಮಗ್ರಂಥದ ಒಂದೊಂದು ವಾಕ್ಯವನ್ನು ಅವನು ಕೊಟ್ಟನು. ತನ್ನಲ್ಲಿರುವುದು ತನಗೇ ಸಾಲದೆಂದು, ಕೇಳಿಬಂದ ಸಹೋದರನಿಗೆ ಕೊಡದಂತೆ ತಡೆಯುವ ಯೋಚನೆಗೆ ಒಂದು ವಾಕ್ಯ; ರಾತ್ರಿಯ ಭಯಕ್ಕೆ ಇನ್ನೊಂದು. ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದ ಯೇಸು, ಶೋಧಕನ ಮೂರು ಮಾತುಗಳಿಗೂ ಧರ್ಮಗ್ರಂಥದ ವಾಕ್ಯದಿಂದಲೇ ಉತ್ತರಿಸಿದ್ದು ಇದಕ್ಕೆ ಮಾದರಿಯಾಗಿತ್ತು. ಯೋಚನೆಗಳ ಹಿಂದೆ ದೆವ್ವಗಳ ಕೈವಾಡವಿದೆಯೆಂಬ ಅವನ ನಂಬಿಕೆಯು ಇಂದಿನ ಓದುಗರನ್ನು ದೂರವಿರಿಸಬಹುದು. ಆದರೆ ಆ ನಂಬಿಕೆಯಿಂದ ಒಂದು ದೊಡ್ಡ ಉಪಕಾರವೂ ಆಯಿತೆಂಬುದನ್ನು ಗುರುತಿಸದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಚಿಂತೆಯು ಹೊರಗಿನಿಂದ ಬರುವಂಥದ್ದು, ಚಿಂತಿಸುವವನೇ ಕೆಟ್ಟವನಲ್ಲ, ಯೋಚನೆ ಬರುವುದು ಅವನ ಕೈಯಲ್ಲಿಲ್ಲ, ಅದನ್ನು ಉಳಿಸಿಕೊಳ್ಳುವುದು ಬಿಡುವುದು ಮಾತ್ರ ಅವನ ಕೈಯಲ್ಲಿದೆ ಎಂಬ ನಿಲುವು ಅದರಿಂದ ಸಾಧ್ಯವಾಯಿತು.

ಹಿರಿಯ ಪೋಯ್ಮೆನನ ಹೆಸರಿನಲ್ಲಿ ಉಳಿದ ಪ್ರಸಂಗವೂ ಇದನ್ನೇ ಹೇಳುತ್ತದೆ. ತನ್ನನ್ನು ಅನೇಕ ಯೋಚನೆಗಳು ಅಪಾಯಕ್ಕೆ ತಳ್ಳುತ್ತಿವೆಯೆಂದು ಬಂದ ಸಹೋದರನನ್ನು ಬಯಲಿಗೆ ಕರೆದೊಯ್ದ ಪೋಯ್ಮೆನನು, ಎದೆಯನ್ನು ಅಗಲಿಸಿ ನಿಂತು ಗಾಳಿ ಒಳಬರದಂತೆ ತಡೆಯೆಂದನು; ಸಾಧ್ಯವಿಲ್ಲವೆಂದಾಗ, ಯೋಚನೆಗಳು ಬರದಂತೆ ತಡೆಯುವುದೂ ಸಾಧ್ಯವಿಲ್ಲ, ಎದುರಿಸುವುದಷ್ಟೇ ನಿನ್ನ ಪಾಲಿನ ಕೆಲಸವೆಂದನು. ಹೀಗೆ ಹಿರಿಯರ ಬಳಿ ಹೋಗಿ, ಮಾಡಿದ ಪಾಪಗಳನ್ನು ಮಾತ್ರವೇ ಹೇಳದೆ, ಮನಸ್ಸಿನಲ್ಲಿ ಓಡಾಡುವ ಯೋಚನೆಗಳನ್ನೆಲ್ಲ ತೆರೆದಿಡುವುದು ಮರುಭೂಮಿಯ ವಾಡಿಕೆಯಾಗಿತ್ತು. ಹಿರಿಯನನ್ನು ಅಬ್ಬಾ ಎಂದೂ ಹಿರಿಯಳನ್ನು ಅಮ್ಮಾ ಎಂದೂ ಕರೆಯುತ್ತಿದ್ದರು. ಅಮ್ಮಾ ಸಿಂಕ್ಲೆಟಿಕಾಳು ಮನುಷ್ಯನನ್ನು ತಿದ್ದುವ ದುಃಖವನ್ನೂ ಅವನನ್ನು ಮುರಿಯುವ ದುಃಖವನ್ನೂ ಬೇರ್ಪಡಿಸಿ, ಎರಡನೆಯದನ್ನು ಪ್ರಾರ್ಥನೆ ಮತ್ತು ಕೀರ್ತನೆಯಿಂದ ಹೊರಗಟ್ಟಬೇಕೆಂದು ಕಲಿಸಿದಳು. ಈ ವಾಡಿಕೆಯಲ್ಲಿ ಅಪಾಯವೂ ಇತ್ತು. ಕಾಮದ ಯೋಚನೆಗಳಿಂದ ಬಳಲಿ ಬಂದ ತರುಣನನ್ನು ಹಿರಿಯನೊಬ್ಬನು ಕಟುವಾಗಿ ನಿಂದಿಸಿ, ಅವನು ನಿರಾಶೆಯಿಂದ ಸಂನ್ಯಾಸವನ್ನೇ ಬಿಟ್ಟು ಹೊರಡುವಂತೆ ಮಾಡಿದ ಪ್ರಸಂಗವನ್ನು, ಈ ಹಿರಿಯರ ಬಳಿ ಕಲಿತ ಜಾನ್ ಕ್ಯಾಸಿಯನ್ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ನರೆತ ಕೂದಲೇ ವಿವೇಕವಲ್ಲ, ಕೇಳುವವನಲ್ಲಿ ಕರುಣೆಯಿಲ್ಲದಿದ್ದರೆ ನಿವೇದನೆಯೇ ಗಾಯವಾದೀತು ಎಂಬುದನ್ನು ಆ ಕಾಲವೇ ಅರಿತಿತ್ತು.

ಸುಮಾರು 360ರಲ್ಲಿ ಹುಟ್ಟಿ, ಗೆಳೆಯ ಜರ್ಮಾನಸನೊಡನೆ ಹತ್ತಾರು ವರ್ಷ ಈಜಿಪ್ಟಿನ ಹಿರಿಯರ ಬಳಿ ಕಲಿತ ಕ್ಯಾಸಿಯನ್, ಇವಾಗ್ರಿಯಸನ ಮರಣದ ಬೆನ್ನಲ್ಲೇ ಅಲೆಕ್ಸಾಂಡ್ರಿಯದ ಬಿಷಪ್ ಥಿಯೋಫಿಲಸನು ಓರಿಜನ್ ಎಂಬ ಹಳೆಯ ಚಿಂತಕನ ಅನುಯಾಯಿಗಳನ್ನು ಹೊರಗಟ್ಟತೊಡಗಿದಾಗ ಅಲ್ಲಿಂದ ಹೊರಟು, ಕಾನ್‌ಸ್ಟಾಂಟಿನೋಪಲ್ ಮತ್ತು ರೋಮ್ ಮಾರ್ಗವಾಗಿ, ಸುಮಾರು 415ರಲ್ಲಿ ದಕ್ಷಿಣ ಫ್ರಾನ್ಸಿನ ಮಾರ್ಸೇಲಿಗೆ ಬಂದು ನೆಲೆಸಿದನು. ಅಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಅವನ ಗ್ರಂಥಗಳ ಮೂಲಕ ಮರುಭೂಮಿಯ ಅನುಭವ ಪಶ್ಚಿಮ ಯುರೋಪನ್ನು ತಲುಪಿತು. ಹಿರಿಯ ಪೌಲನು ಸಂತೆಯಿಂದ ಏಳು ದಿನದ ದೂರದಲ್ಲಿದ್ದು, ಹೆಣೆದದ್ದನ್ನು ಸಾಗಿಸುವ ವೆಚ್ಚ ಅದರ ಬೆಲೆಯನ್ನು ಮೀರುತ್ತಿದ್ದರೂ ದಿನವೂ ಗೊತ್ತಾದಷ್ಟು ಹೆಣೆದು, ವರ್ಷದ ಕೊನೆಗೆ ಗುಹೆ ತುಂಬಿದ ಆ ಸರಕಿಗೆಲ್ಲ ಬೆಂಕಿಯಿಡುತ್ತಿದ್ದನೆಂಬ ವೃತ್ತಾಂತ ಅವನದೇ. ಮನಸ್ಸಿನ ಸ್ಥಿರತೆಗಾಗಿಯೇ ಕೈಕೆಲಸವೆಂಬ ಮಾತಿಗೆ ಇದು ನಿದರ್ಶನವಾದರೂ, ಲೂಸಿಯಸನ ಎರಡು ನಾಣ್ಯಗಳಲ್ಲಿ ಇದಕ್ಕಿಂತ ಆಳವಾದ ವಿವೇಕವಿದೆ. ಅಲ್ಲಿ ಒಬ್ಬನ ಸಮಾಧಾನವು ಮತ್ತೊಬ್ಬನ ಹಸಿವಿನೊಡನೆ ಸೇರಿಕೊಂಡಿದೆ.

ಇವಾಗ್ರಿಯಸನ ಐನೂರು ವಾಕ್ಯಗಳ ಜಾಗದಲ್ಲಿ ಕ್ಯಾಸಿಯನ್ ಒಂದೇ ವಾಕ್ಯವನ್ನು ಮುಂದಿಟ್ಟನು. ಹಿರಿಯ ಐಸಾಕನ ಬಾಯಿಂದ ಹೇಳಿಸಿದ ಹತ್ತನೆಯ ಸಂವಾದದಲ್ಲಿ, ದೇವರು ಬೇಗ ಬಂದು ತನಗೆ ನೆರವಾಗಲೆಂದು ಬೇಡುವ 70ನೆಯ ಕೀರ್ತನೆಯ ಆರಂಭವನ್ನು ಹಗಲಿರುಳೂ ಉಚ್ಚರಿಸಬೇಕೆಂಬ ಉಪದೇಶವಿದೆ. ಹಸಿವಾದಾಗ, ನಿದ್ದೆ ಬಾರದಾಗ, ಓದಲು ಕುಳಿತರೆ ತಲೆನೋಯುವಾಗ, ಕೋಪ ಬಂದಾಗ, ಸಂತೋಷವಾದಾಗಲೂ ಅದೇ ಬೇಡಿಕೆ ಸಲ್ಲುತ್ತದೆಂದು ಐಸಾಕನು ಸಂದರ್ಭಗಳನ್ನು ಎಣಿಸುತ್ತ ಹೋಗುತ್ತಾನೆ. ಆರನೆಯ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟನು ತನ್ನ ಮಠನಿಯಮದಲ್ಲಿ ಹಗಲಿನ ಪ್ರಾರ್ಥನಾವೇಳೆಗಳು ಈ ಮಾತಿನಿಂದಲೇ ತೊಡಗಬೇಕೆಂದು ವಿಧಿಸಿ, ಕ್ಯಾಸಿಯನನ ಸಂವಾದಗಳನ್ನು ಸಂಜೆ ಓದಿಸಿದನು. ಕ್ಯಾಥೋಲಿಕ್ ಧರ್ಮಸಭೆಯ ದೈನಂದಿನ ಪ್ರಾರ್ಥನೆ ಇಂದಿಗೂ ಅದೇ ಬೇಡಿಕೆಯಿಂದ ಆರಂಭವಾಗುವುದರಿಂದ, ಮಂಗಳೂರು, ಬೆಂಗಳೂರು, ಮೈಸೂರುಗಳ ಗುರುಮಠಗಳಲ್ಲಿಯೂ ಕನ್ಯಾಮಠಗಳಲ್ಲಿಯೂ ಕೇಳಿಬರುವ ಆ ಮೊದಲ ಮಾತಿನ ಹಿಂದೆ ಈಜಿಪ್ಟಿನ ಮರುಭೂಮಿಯ ಈ ಇತಿಹಾಸವಿದೆ.

ಇವಾಗ್ರಿಯಸನ ಎಂಟು ಯೋಚನೆಗಳಿಗೆ ಅಷ್ಟು ಒಳ್ಳೆಯ ಗತಿಯಾಗಲಿಲ್ಲ. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಮಹಾ ಗ್ರೆಗರಿಯು ಯೋಬನ ಗ್ರಂಥದ ವ್ಯಾಖ್ಯಾನದಲ್ಲಿ ಪಟ್ಟಿಯನ್ನು ಏಳು ಮುಖ್ಯ ದೋಷಗಳಾಗಿ ಮರುಜೋಡಿಸಿ, ಗರ್ವವನ್ನು ಎಲ್ಲದರ ಬೇರಾಗಿಸಿ, ಅಸೂಯೆಯನ್ನು ಸೇರಿಸಿ, ಅಕೇಡಿಯಾವನ್ನು ಕೈಬಿಟ್ಟು ದುಃಖವನ್ನು ಉಳಿಸಿಕೊಂಡನು. ನಂತರದ ಶತಮಾನಗಳಲ್ಲಿ ದುಃಖದ ಜಾಗಕ್ಕೆ ಅಕೇಡಿಯಾ ಮರಳಿ ಬಂದರೂ, ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೊಮ್ಮೆ ಪಾಪನಿವೇದನೆ ಮಾಡಬೇಕೆಂದು 1215ರ ಲ್ಯಾಟರನ್ ಮಹಾಸಭೆ ವಿಧಿಸಿದ ಮೇಲೆ ಬಳಕೆಗೆ ಬಂದ ಕೈಪಿಡಿಗಳಲ್ಲಿ ಅದು ಬಹುಮಟ್ಟಿಗೆ ಧಾರ್ಮಿಕ ಕರ್ತವ್ಯಗಳಲ್ಲಿನ ಸೋಮಾರಿತನವಾಯಿತು. ನಡುಹಗಲಿನಲ್ಲಿ ಬಂದು ಹೋಗುವ ಯೋಚನೆಯೊಂದು ಹೀಗೆ ಮನುಷ್ಯನ ಮೇಲಿನ ಆರೋಪವಾಗಿ ಮಾರ್ಪಟ್ಟದ್ದು ಕ್ರೈಸ್ತ ಚಿಂತನೆಯ ಇತಿಹಾಸದಲ್ಲಿ ನಿಜವಾದ ನಷ್ಟ. ಕಳವಳದಿಂದ ಕುಗ್ಗಿದವರಿಗೆ ಅವರ ನಂಬಿಕೆಯೇ ಸಾಲದೆಂದು ಹೇಳಿ ಮತ್ತಷ್ಟು ಕುಗ್ಗಿಸುವ ಕಠೋರ ಬೋಧನೆಯು ಇವಾಗ್ರಿಯಸನಿಂದಲೂ ಪೋಯ್ಮೆನನಿಂದಲೂ ಬಂದದ್ದಲ್ಲ. ಅವರು ನಂಬಿಕೆಯುಳ್ಳವನಿಗೇ ಚಿಂತೆ ಬರುತ್ತದೆಂದು ತಿಳಿದಿದ್ದರು.

553ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಓರಿಜನನ ಮತವನ್ನು ಖಂಡಿಸಿದಾಗ ಇವಾಗ್ರಿಯಸನ ಹೆಸರೂ ಕಳಂಕಕ್ಕೊಳಗಾಯಿತು. ಅವನ ಪ್ರಾರ್ಥನೆಯ ಕುರಿತ ಬರಹವು ನೈಲಸನೆಂಬ ಬೇರೊಬ್ಬನ ಹೆಸರಿನಲ್ಲಿ ಗ್ರೀಕರ ನಡುವೆ ಉಳಿದರೆ, ಯೋಚನೆಗಳಿಗೆ ಉತ್ತರ ಕೊಡುವ ಕೈಪಿಡಿಯ ಗ್ರೀಕ್ ಮೂಲ ಕಳೆದುಹೋಗಿ ಸಿರಿಯಕ್ ಮತ್ತು ಅರ್ಮೇನಿಯನ್ ಅನುವಾದಗಳು ಮಾತ್ರ ಉಳಿದವು. ಸಿರಿಯಕ್ ಪಾಠವು 1912ರಲ್ಲಿ ಬರ್ಲಿನಿನಲ್ಲಿ ಮುದ್ರಣಗೊಂಡಿತು. ಅವನು ಬಾಳಿದ ಕೆಲ್ಲಿಯಾದ ನಿವೇಶನವನ್ನು ಫ್ರೆಂಚ್ ವಿದ್ವಾಂಸ ಆಂತ್ವಾನ್ ಗಿಯೋಮೋ 1964ರಲ್ಲಿ ಗುರುತಿಸಿದ ಬಳಿಕ ಫ್ರೆಂಚ್ ಮತ್ತು ಸ್ವಿಸ್ ತಂಡಗಳು ನಡೆಸಿದ ಉತ್ಖನನದಲ್ಲಿ, ಹೆಚ್ಚಾಗಿ ನಂತರದ ಶತಮಾನಗಳಿಗೆ ಸೇರಿದ, ಅಂಗಳ, ಬಾವಿ, ಅಡುಗೆಮನೆ ಮತ್ತು ಪೂರ್ವದ ಗೋಡೆಯಲ್ಲಿ ಗೂಡಿರುವ ಪ್ರಾರ್ಥನಾಕೋಣೆಗಳುಳ್ಳ ನೂರಾರು ಕುಟೀರಗಳು ಬೆಳಕಿಗೆ ಬಂದವು. ಬೇಸಾಯದ ವಿಸ್ತರಣೆಯಿಂದ ನಿವೇಶನದ ಬಹುಭಾಗ ಈಗ ಅಳಿದಿದೆ. ವಾದಿ ನಟ್ರೂನಿನಲ್ಲಿ ಮಾತ್ರ ನಾಲ್ಕು ಪ್ರಾಚೀನ ಮಠಗಳು ಇಂದಿಗೂ ಜೀವಂತವಾಗಿವೆ. ಅವುಗಳಲ್ಲಿ ಸಂತ ಮಕಾರಿಯಸನ ಮಠವು 1969ರಲ್ಲಿ ಮತ್ತಾ ಅಲ್ ಮಸ್ಕೀನ್ ಮತ್ತು ಅವರ ಶಿಷ್ಯರು ಬಂದು ನೆಲೆಸಿದ ಮೇಲೆ ಮರಳುಗಾಡನ್ನು ಹೊಲವಾಗಿಸಿಕೊಂಡು ಮತ್ತೆ ಬೆಳೆಯಿತು. ಕೈರೋ ಮತ್ತು ಅಲೆಕ್ಸಾಂಡ್ರಿಯದ ಕಾಪ್ಟಿಕ್ ಕ್ರೈಸ್ತರು ರಜೆಯ ದಿನಗಳಲ್ಲಿ ಬಸ್ಸು ಹಿಡಿದು ಈ ಮಠಗಳಿಗೆ ಬಂದು, ಮನೆ, ಕೆಲಸ, ಮಕ್ಕಳ ಕುರಿತ ತಮ್ಮ ಕಳವಳಗಳನ್ನು ಅಲ್ಲಿನ ಹಿರಿಯರ ಮುಂದೆ ಹೇಳಿಕೊಳ್ಳುತ್ತಾರೆ.